ಸೋರಲೇಬೇಕಾದ ನಲ್ಲಿ

ಅಕ್ಕನಿಗೆ ತಮ್ಮನ ನಮಸ್ಕಾರ. ಇಲ್ಲಿನ ಪಾರ್ಕಿನಲ್ಲಿ ಊರಿನ ಹಳೇ ಪೈಪುಗಳನ್ನೆಲ್ಲ ಬೆಸೆದು ಮರದಂಥ ಶಿಲ್ಪ ನಿಲ್ಲಿಸಿದ್ದಾರೆ. ಅದರ ಕೊಂಬೆಯ ನಲ್ಲಿಯೊಂದು ತೊಟ್ಟಿಕ್ಕುತ್ತಿತ್ತು. ಮೂವತ್ತು ವರ್ಷ ಪ್ಲಂಬರ್ ಕೆಲಸ ಮಾಡಿದ ಕೈ ಸುಮ್ಮನಿರುತ್ತದೆಯೇ? ಜೇಬಿನ ಸ್ಪ್ಯಾನರ್ ತೆಗೆದು ಬಿಗಿ ಮಾಡಿಯೇಬಿಟ್ಟೆ. ಕಾವಲುಗಾರ ಓಡಿಬಂದ.

"ಏನ್ ಮಾಡಿದ್ರಿ ಯಜಮಾನ್ರೇ! ಗುಬ್ಬಿಗಳು ಕುಡೀಲಿ ಅಂತಾನೇ ಅದನ್ನ ಸೋರೋ ಹಾಗೆ ಮಾಡಿರೋದು!"

ಕೆಳಗೆ ಎರಡು ಗುಬ್ಬಿಗಳು ನನ್ನನ್ನೇ ದಿಟ್ಟಿಸುತ್ತಿದ್ದವು. ಮತ್ತೆ ಸೋರಿಸಲು ಒಂದು ಗಂಟೆ ಒದ್ದಾಡಿದೆ. ಒಂದು ಹನಿಯೂ ಬೀಳಲಿಲ್ಲ. ನಾನು ಕೈಯಿಟ್ಟ ನಲ್ಲಿ ಇಷ್ಟು ಭದ್ರವಾಗಿ ನಿಂತದ್ದು ಇದೇ ಮೊದಲು!

ನೀನು ಕೇಳಿದ್ದ ಮಂಡಿನೋವು ಕಡಿಮೆಯಾಗಿದೆ, ಮಾನ ಪೂರ್ತಿ ಹೋಗಿದೆ. ಕಾವಲುಗಾರ ಮತ್ತೆ ಇತ್ತಲೇ ಬರುತ್ತಿದ್ದಾನೆ, ಮುಗಿಸುತ್ತೇನೆ. ನಾನು ಮೂರು ಸಲ ರಿಪೇರಿ ಮಾಡಿಕೊಟ್ಟೆನಲ್ಲ, ನಿನ್ನ ಬಚ್ಚಲಿನ ನಲ್ಲಿ, ಅದರ ಕೆಳಗೊಂದು ತಟ್ಟೆ ಇಡು. ಗುಬ್ಬಿಗಳನ್ನು ಅಲ್ಲಿಗೇ ಕಳಿಸುತ್ತೇನೆ.