ಇಂಜೆಕ್ಷನ್ನಿಗೆ ಅಮ್ಮನ ಒಪ್ಪಿಗೆ

ಕೊಳ್ಳೇಗಾಲ
6-10-2025

ಚಿರಂಜೀವಿ ಚೌಡೇಶನಿಗೆ,

ನಿನ್ನ ಅಮ್ಮ ಭಾಗ್ಯಮ್ಮ ಮಾಡುವ ಆಶೀರ್ವಾದಗಳು. ಮೈಯಲ್ಲಿ ಹುಷಾರಾಗಿದ್ದೀಯಾ? ಜೈಲಿನ ಊಟಕ್ಕೆ ಹೊಟ್ಟೆ ಒಗ್ಗಿತೇ? ನನ್ನ ಮಂಡಿನೋವು ಇದ್ದೇ ಇದೆ, ಬಾಯಿ ಮಾತ್ರ ಗಟ್ಟಿಯಾಗಿದೆ.

ನಿನ್ನ ಕಾಗದ ಬಂತು. ಹಿಡಿತಕ್ಕೆ ಸಿಗದ ಆ ಆಸೆಯನ್ನು ತಗ್ಗಿಸುವ ಹಾರ್ಮೋನ್ ಇಂಜೆಕ್ಷನ್ ಇದೆ, ಬೇಕೋ ಬೇಡವೋ ನೀನೇ ಹೇಳು ಎಂದು ಡಾಕ್ಟರು ಕೇಳಿದರಂತೆ. ಧೈರ್ಯವಾಗಿ ತಗೋ. ಕಾಗದ ಓದುವಾಗ ಹೊನ್ನೂರಿನಿಂದ ನಿನ್ನ ಮಾದೇಶ ಮಾವ ಬಂದಿದ್ದ. "ಎತ್ತಿಗೆ ಬೀಜ ಒಡ್ದಂಗೆ ಅನ್ನು ಕಣಕ್ಕಾ" ಎಂದು ನಕ್ಕ. ನನಗೆ ಸಿಟ್ಟು ನೆತ್ತಿಗೇರಿತು. "ಎತ್ತನ್ನ ಯಾರ್ಲಾ ಕೇಳ್ತಾರೆ? ನನ್ ಮಗನ್ನ ಕೇಳವ್ರೆ, ಅವ್ನೇ ಊಂ ಅನ್ಬೇಕು" ಎಂದೆ. ಕಾಫಿ ಲೋಟ ಎತ್ತಿಕೊಂಡು ಜಗಲಿಗೆ ಹೋದ.

ಮೈ ಇದ್ದಕ್ಕಿದ್ದಂತೆ ಕಾದು ಬೆವರುತ್ತದಂತೆ, ಮೂಳೆ ಸವೆಯುತ್ತದಂತೆ ಎಂದು ಹೆದರಿದ್ದೀಯ. ಅಯ್ಯೋ ಮಂಕೇ, ಮುಟ್ಟು ನಿಂತ ವರ್ಷ ನನಗೂ ಹೀಗೇ ಮೈ ಕಾಯುತ್ತಿತ್ತು. ಮಗ್ಗದಲ್ಲಿ ಕೂತು ಲಾಳಿ ಹಿಡಿದರೆ ರೇಷ್ಮೆಯೆಲ್ಲ ಒದ್ದೆ. ನಿಮ್ಮಪ್ಪ ಜ್ವರವೆಂದು ಕಷಾಯ ಕುಡಿಸಿದ್ದರು. ನಾನೇನು ಸತ್ತೆನೇ? ತಣ್ಣೀರಿನಲ್ಲಿ ಕಾಲಿಟ್ಟುಕೋ, ರಾಗಿಮುದ್ದೆ ಬಿಡಬೇಡ, ಮೂಳೆಗೇನು ಮಾಡಬೇಕು ಎಂದು ಡಾಕ್ಟರನ್ನೇ ಬಾಯಿಬಿಟ್ಟು ಕೇಳು.

ಆದರೆ ಕೊನೆಯಲ್ಲಿ ಬರೆದದ್ದು ನನಗೆ ಹಿಡಿಸಲಿಲ್ಲ. ಇಂಜೆಕ್ಷನ್ ವಿಷಯ ಹಿಂದಿನ ಬೀದಿಯ ಅಂಜನಾಳಿಗೆ ಹೇಳಿ, ನೀನು ಮನೆಗೆ ಬರಲು ನಾನು ಅವಳನ್ನು ಒಪ್ಪಿಸಬೇಕಂತೆ. ನಮ್ಮನೆಗೆ ಮಗ್ಗದ ಕೆಲಸಕ್ಕೆ ನಂಬಿ ಬಂದ ಆ ಹೆಣ್ಣುಮಗಳನ್ನು ನೀನು ಬಾಗಿಲು ಹಾಕಿ ಹಿಡಿದುಕೊಂಡೆ. ಅವಳು ಕೆಟ್ಟಳು ಎಂದು ಬೀದಿಯವರು ಆಡಿಕೊಂಡರು, ಮತ್ಯಾವ ಮನೆಯಲ್ಲೂ ಕೆಲಸ ಕೊಡಲಿಲ್ಲ. ಕೆಟ್ಟದ್ದು ನೀನು. ಕೋರ್ಟಿನಲ್ಲಿ ಅವಳ ಕಡೆ ಸಾಕ್ಷಿ ಹೇಳಿದವಳು ನಾನೇ, ಇವತ್ತು ಕೇಳಿದರೂ ಅದನ್ನೇ ಹೇಳುತ್ತೇನೆ. ಇಂಜೆಕ್ಷನ್ ನಿನ್ನ ಔಷಧಿ, ಅದನ್ನು ತೋರಿಸಿ ಅವಳಿಂದ ಏನನ್ನೂ ಕೇಳುವಂತಿಲ್ಲ. ಡಾಕ್ಟರ ಹತ್ತಿರ ಕೂತು ಮನಸ್ಸು ಬಿಚ್ಚಿ ಮಾತಾಡುವುದನ್ನೂ ನಿಲ್ಲಿಸಬೇಡ, ಸೂಜಿ ಅಷ್ಟು ಒಳಗೆ ಹೋಗುವುದಿಲ್ಲ. ನೀನು ತಿದ್ದಿಕೊಳ್ಳುತ್ತೀಯ ಎಂಬ ನಂಬಿಕೆ ನನಗಿದೆ. ಹೊಟ್ಟೆಯಲ್ಲಿ ಹೊತ್ತವಳು, ನನಗೆ ಗೊತ್ತಾಗದೇ?

ನಿನ್ನ ಮಗ್ಗ ಹೇಗಿದೆ ಎಂದು ಕೇಳಿದ್ದೀಯ. ಚೆನ್ನಾಗಿದೆ, ಸುಮ್ಮನೆ ನಿಂತಿಲ್ಲ. ಇದನ್ನು ಬರೆಯುವಾಗಲೂ ಅದರ ಸದ್ದು ಕೇಳುತ್ತಿದೆ.

ತಾಯಿ ಚೌಡೇಶ್ವರಿ ನಿನಗೆ ಬುದ್ಧಿಯನ್ನೂ ಗಟ್ಟಿತನವನ್ನೂ ಕೊಡಲಿ.

ನಿನ್ನ ಅಮ್ಮ,
ಭಾಗ್ಯಮ್ಮ

ಇದೊಂದು ಉಳಿದಿತ್ತು: ಮಗ್ಗ ಈಗ ನಮ್ಮ ಮನೆಯಲ್ಲಿಲ್ಲ. ಬಿಚ್ಚಿಸಿ, ಹಿಂದಿನ ಬೀದಿಯ ಅಂಜನಾಳ ಮನೆಗೆ ಕೊಟ್ಟುಬಿಟ್ಟೆ. ನೇಯುವವರೇ ಮಗ್ಗಕ್ಕೆ ಆಯುಧಪೂಜೆ ಮಾಡುವುದು ನಮ್ಮನೆ ಪದ್ಧತಿ ತಾನೇ? ಈ ವರ್ಷ ಅವಳು ಮಾಡಿದಳು. ನಾನು ಬಾಗಿಲಾಚೆಯೇ ನಿಂತು ಕೈಮುಗಿದು ಬಂದೆ. ಅವಳಿರುವ ಬೀದಿಗೆ ನೀನು ಕಾಲಿಡಬಾರದು. ಸಂಕ್ರಾಂತಿಗೆ ಬಿಡುಗಡೆಯಾದಾಗ ಕೊಳ್ಳೇಗಾಲದ ಬಸ್ಸು ಹತ್ತಬೇಡ. ಹೊನ್ನೂರಿನಲ್ಲಿ ಮಾವನ ತೋಟದ ಮನೆಗೆ ಸುಣ್ಣ ಬಳಿಸಿದ್ದೇನೆ, ಅಲ್ಲಿಯವರಿಗೆ ನಿನ್ನ ವಿಷಯ ಮುಚ್ಚಿಟ್ಟಿಲ್ಲ. ನನ್ನ ಪಾತ್ರೆಪಗಡೆ ಆಗಲೇ ಅಲ್ಲಿಗೆ ಹೋಗಿದೆ. ಜೈಲಿನ ಬಾಗಿಲಿಗೆ ನಾನೇ ಬರುತ್ತೇನೆ.