ಯಾರಿಂದ ಬಂತು ಎಂಬ ಪ್ರಶ್ನೆ

ಬಸ್ ಡಿಪೋ, ಸೀಟು ರಿಪೇರಿ ವಿಭಾಗ
ಮಾರ್ಚ್ ೧೪, ಊಟದ ಬಿಡುವಿನಲ್ಲಿ

ನನ್ನ ಚೂಟಿಗೆ, ಅತ್ತೆಯ ಅಕ್ಕರೆ.

ಹೇಗಿದ್ದೀಯಾ ಮಗಳೇ? ಹೊಟ್ಟೆಗೆ ಸರಿಯಾಗಿ ತಿನ್ನುತ್ತಿದ್ದೀಯೋ, ಇಲ್ಲ ಸಿಟ್ಟನ್ನೇ ಉಂಡು ಮಲಗುತ್ತಿದ್ದೀಯೋ? ಇಡೀ ದಿನ ಕನ್ನಡಕದ ಅಂಗಡಿಯಲ್ಲಿ ನಿಂತು ನಿಂತು ನಿನ್ನ ಕಾಲು ಊದುತ್ತಿದ್ದವಲ್ಲ, ಈಗ ಕಡಿಮೆಯಾಗಿರಬೇಕು. ನಿನ್ನ ಅಕ್ಕ, ಭಾವ ಚೆನ್ನಾಗಿದ್ದಾರೆಯೇ? ಅಕ್ಕನಿಗೆ ನನ್ನ ಮೇಲೂ ಕೋಪವಿರಬಹುದು. ಇರಲಿ, ತಂಗಿಯ ಪರವಾಗಿ ಕೋಪ ಮಾಡಿಕೊಳ್ಳದವಳು ಎಂಥ ಅಕ್ಕ? ನಾನು ಕ್ಷೇಮ ಎಂದು ಬರೆಯುವುದು ವಾಡಿಕೆ. ಈ ಸಲ ಹಾಗೆ ಬರೆಯಲು ಕೈ ಏಳುತ್ತಿಲ್ಲ. ಯಾಕೆ ಎಂಬುದು ಮುಂದೆ ಇದೆ. ದಯವಿಟ್ಟು ಅರ್ಧಕ್ಕೆ ಹರಿದು ಹಾಕಬೇಡ, ಪೂರ್ತಿ ಓದಿ ಆಮೇಲೆ ಬೇಕಾದರೆ ಹರಿ.

ನೀನು ಫೋನ್ ಎತ್ತುತ್ತಿಲ್ಲ. ನನಗೆ ಅದರಿಂದ ಬೇಜಾರಿಲ್ಲ. ಇದು ಫೋನಿನಲ್ಲಿ ಹೇಳುವ ಮಾತೂ ಅಲ್ಲ. ಇಲ್ಲಿ ಹೊಲಿಗೆ ಯಂತ್ರಗಳ ಗದ್ದಲಕ್ಕೆ ಕೂಗಿ ಮಾತಾಡಬೇಕು, ಕೂಗಿದರೆ ಡಿಪೋಗೆಲ್ಲ ಡಂಗುರ. ಅದಕ್ಕೇ ಹರಿದ ಸೀಟುಗಳ ರಾಶಿಯ ಹಿಂದೆ, ಒಂದು ಫೋಮಿನ ದಿಂಡಿನ ಮೇಲೆ ಕೂತು ಬರೆಯುತ್ತಿದ್ದೇನೆ.

ಆ ಸಂಜೆಯನ್ನು ಕೆದಕಲು ಮನಸ್ಸಿಲ್ಲ. ಆದರೂ ನಾನು ಕಂಡ ಹಾಗೆ ಒಮ್ಮೆ ಬರೆದುಬಿಡುತ್ತೇನೆ, ನಾನು ಎಲ್ಲಿ ನಿಂತಿದ್ದೆ ಎಂದು ನಿನಗೆ ಗೊತ್ತಿರಲಿ. ಕ್ಲಿನಿಕ್ಕಿನವರು ನಿಮ್ಮ ಅಂಗಡಿಯ ಹೆಣ್ಣುಮಕ್ಕಳಿಗೆಲ್ಲ ಪರೀಕ್ಷೆ ಮಾಡಿದ್ದರು, ನಿನ್ನದರಲ್ಲಿ ಎಚ್‌ಪಿವಿ ಎಂಬ ವೈರಸ್ ಇದೆಯೆಂದು ಬಂದಿತ್ತು. ಮುಂದಿನ ವಾರ ಇನ್ನೊಮ್ಮೆ ಹತ್ತಿರದಿಂದ ನೋಡಬೇಕಂತೆ ಎಂದು ನೀನು ಸಾರಿನ ಪಾತ್ರೆ ಕೆಳಗಿಡುತ್ತಾ ಹೇಳಿದೆ, ನೆಗಡಿಯ ಸುದ್ದಿ ಹೇಳಿದ ಹಾಗೆ. ನನ್ನ ಮಗ ಆ ಮೂರಕ್ಷರವನ್ನು ಫೋನಿನಲ್ಲಿ ಹುಡುಕಿದ. ಲೈಂಗಿಕ ಸಂಪರ್ಕದಿಂದ ಹರಡುತ್ತದೆ ಎಂಬ ಸಾಲಿಗೆ ಬಂದವನು ಅಲ್ಲಿಗೇ ನಿಲ್ಲಿಸಿದ, ಕೆಳಗಿನ ಒಂದು ಸಾಲನ್ನೂ ಓದಲಿಲ್ಲ. "ಯಾರಿಂದ ಬಂತು?" ಎಂದ. ನಾನು "ಬಾಯಿ ಮುಚ್ಚೋ" ಎಂದೆ. ಅವನು ಮುಚ್ಚಲಿಲ್ಲ. ಮೂರು ಸಲ ಅದನ್ನೇ ಕೇಳಿದ. ನೀನು ಒಳಗೆ ಹೋಗಿ ಬ್ಯಾಗಿಗೆ ಬಟ್ಟೆ ತುಂಬಿದೆ. ಬಾಗಿಲಲ್ಲಿ ನನ್ನ ಕೈ ಹಿಡಿದು, "ನೀವು ಔಷಧಿ ಮರೀಬೇಡಿ ಅತ್ತೆ" ಎಂದೆಯಲ್ಲ, ಆ ಮಾತು ಇವತ್ತಿಗೂ ಎದೆಯಲ್ಲಿ ಮುಳ್ಳಿನ ಹಾಗೆ ಚುಚ್ಚುತ್ತದೆ.

ನೀನು ಹೋದ ಮೇಲೆ ಮನೆ ಹೇಗಿತ್ತು ಎಂದು ಕೇಳಬೇಡ. ಅವನು ಲಿಫ್ಟಿನ ಹಗ್ಗದ ಹಾಗೆ ಬಿಗಿದುಕೊಂಡು ಓಡಾಡುತ್ತಿದ್ದ. ಕೆಲಸಕ್ಕೆ ಹೋಗುವುದು, ಬರುವುದು, ಗೋಡೆ ನೋಡುವುದು. ನನಗೂ ತಲೆಯಲ್ಲಿ ಹುಳ. ಸುಳ್ಳು ಹೇಳುವುದಿಲ್ಲ ಚೂಟಿ, ನಿನ್ನ ಮೇಲೆ ಅನುಮಾನ ಬರಲಿಲ್ಲ, ಆದರೆ ಅವನ ಬಾಯಿಗೆ ಬೀಗ ಹಾಕುವಂಥ ಒಂದು ಮಾತು ನನ್ನ ಬಳಿ ಇರಲಿಲ್ಲ. ಅದನ್ನು ತರೋಣವೆಂದೇ ಡಿಪೋಗೆ ರಜೆ ಹಾಕಿ ಆ ಕ್ಲಿನಿಕ್ಕಿಗೆ ಹೋದೆ. ಅಲ್ಲಿ ಒಬ್ಬ ಗೊಗ್ಗರು ದನಿಯ ಡಾಕ್ಟರಮ್ಮ ಇದ್ದಾರಲ್ಲ, ಅವರೇ ಸಿಕ್ಕರು. ನಿನ್ನ ಹೆಸರು ಎತ್ತುತ್ತಿದ್ದ ಹಾಗೇ ಕೈ ಅಡ್ಡ ಹಿಡಿದರು. "ಅವರ ವಿಷಯ ನಿಮ್ಮ ಹತ್ರ ಮಾತಾಡಲ್ಲಮ್ಮ. ಕಾಯಿಲೆ ವಿಷಯ ಎಷ್ಟು ಬೇಕಾದ್ರೂ ಕೇಳಿ." ಅವರ ಮೇಲೆ ನನಗೆ ಮರ್ಯಾದೆ ಹುಟ್ಟಿದ್ದು ಆಗಲೇ.

ಕೇಳಿದೆ. ಅವರು ಹೇಳಿದ್ದನ್ನು ನನ್ನ ಮಾತಿನಲ್ಲಿ ಬರೆಯುತ್ತೇನೆ. ಇದು ಅಪರೂಪದ ಪಾಪಿಗಳಿಗೆ ಮಾತ್ರ ಬರುವ ರೋಗವಲ್ಲವಂತೆ. ಗಂಡು ಹೆಣ್ಣಿನ ಸಂಬಂಧ ಮಾಡಿದವರಲ್ಲಿ ಹೆಚ್ಚಿನವರಿಗೆ ಬದುಕಿನಲ್ಲಿ ಒಮ್ಮೆಯಾದರೂ ತಗಲುತ್ತದಂತೆ, ಒಬ್ಬರನ್ನೇ ನಂಬಿ ಬಾಳಿದವರಿಗೂ. ಬಹಳಷ್ಟು ಜನರ ಮೈ ಅದನ್ನು ಒಂದೆರಡು ವರ್ಷದಲ್ಲಿ ತಾನೇ ಓಡಿಸಿಬಿಡುತ್ತದೆ, ಬಂದದ್ದೂ ಗೊತ್ತಿಲ್ಲ, ಹೋದದ್ದೂ ಗೊತ್ತಿಲ್ಲ. ಕೆಲವರಲ್ಲಿ ಅದು ಹೋಗದೆ ಕೂತುಬಿಡುತ್ತದೆ. ನೋವಿಲ್ಲ, ಜ್ವರವಿಲ್ಲ, ತುರಿಕೆಯಿಲ್ಲ. ವರ್ಷಗಟ್ಟಲೆ ಕೂತರೆ ಗರ್ಭಕೋಶದ ಬಾಯಿಯನ್ನು ಮೆಲ್ಲಗೆ ಕೆಡಿಸುತ್ತಾ ಹೋಗುತ್ತದೆ. ಮೇಲೆ ರೆಕ್ಸಿನ್ ಫಳಫಳ ಹೊಳೆಯುತ್ತಿದ್ದು ಒಳಗೆ ಫೋಮ್ ಪುಡಿಯಾದ ಸೀಟುಗಳನ್ನು ದಿನವೂ ಬಿಚ್ಚುವವಳಿಗೆ ಇದು ಬೇಗ ಅರ್ಥವಾಯಿತು. ಕೆಟ್ಟದ್ದು ಕ್ಯಾನ್ಸರ್ ಆಗಲು ಸಾಮಾನ್ಯವಾಗಿ ಹತ್ತು ವರ್ಷ, ಇನ್ನೂ ಹೆಚ್ಚೇ ಬೇಕಂತೆ. ಅಷ್ಟರೊಳಗೆ ಯಾವಾಗ ನೋಡಿದರೂ ಕೆಟ್ಟ ಭಾಗವನ್ನಷ್ಟೇ ತೆಗೆದು ಹಾಕಬಹುದು. "ವೈರಸ್ ಇದೆ ಅಂದ್ರೆ ಕ್ಯಾನ್ಸರ್ ಇದೆ ಅಂತಲ್ಲ. ಆದ್ರೆ ನೋಡಿಸ್ಕೊಳ್ದೆ ಬಿಟ್ರೆ ಅಪಾಯ" ಎಂದರು. ಕೊನೆಗೆ ನಾನು ಬಂದ ಕೆಲಸದ ಪ್ರಶ್ನೆ ಹಾಕಿದೆ. ಯಾರಿಂದ ಬಂತು, ಯಾವಾಗ ಬಂತು ಎಂದು ಹೇಳಬಹುದೇ? ಅವರು ತಲೆಯಾಡಿಸಿದರು. ಮದುವೆಗೆ ಮುಂಚೆ ಬಂದಿರಬಹುದು, ಆಮೇಲೆ ಬಂದಿರಬಹುದು, ಹೆಂಡತಿಯಿಂದ ಗಂಡನಿಗೋ, ಗಂಡನಿಂದ ಹೆಂಡತಿಗೋ. ಎಷ್ಟೋ ವರ್ಷ ಅಡಗಿದ್ದು ಈಗ ಕಾಣಿಸಿಕೊಂಡಿರಬಹುದು. ಯಾವ ಪರೀಕ್ಷೆಯೂ ಅದನ್ನು ಹೇಳಲಾರದು.

ಬೀಗ ಸಿಕ್ಕಿತು ಎಂದು ನಾನು ಏಳುವಷ್ಟರಲ್ಲಿ ಅವರು, "ನೀವು ಯಾವತ್ತಾದ್ರೂ ಈ ಪರೀಕ್ಷೆ ಮಾಡಿಸಿದೀರಾ?" ಎಂದರು. ನನಗೆ ನಗು ಬಂತು. "ನಮ್ಮೆಜಮಾನ್ರು ಹೋಗಿ ಹನ್ನೊಂದು ವರ್ಷ ಆಯ್ತು ಡಾಕ್ಟ್ರೇ, ನನಗ್ಯಾಕೆ ಇದೆಲ್ಲ" ಎಂದೆ. ಅವರು ನಗಲಿಲ್ಲ. ಮುಟ್ಟು ನಿಂತ ಮೇಲೆ ಯಾವಾಗಲಾದರೂ ರಕ್ತ ಕಂಡಿತ್ತೇ ಎಂದು ಕೇಳಿದರು. ಕಂಡಿತ್ತು ಚೂಟಿ. ಒಂದೆರಡು ಸಲ, ಬಟ್ಟೆಯ ಮೇಲೆ ಸಣ್ಣ ಕಲೆ. ಸೀಟಿನ ಕಬ್ಬಿಣದ ಚೌಕಟ್ಟು ಎತ್ತಿದ್ದಕ್ಕೆ ಹಾಗಾಗಿದೆ ಎಂದುಕೊಂಡು ಬಟ್ಟೆ ಒಗೆದು ಒಣಹಾಕಿದ್ದೆ. ಅದನ್ನು ಹೇಳಿದಾಗ ಬರೆಯುತ್ತಿದ್ದ ಅವರ ಕೈ ನಿಂತಿತು. ಆವತ್ತೇ ಪರೀಕ್ಷೆ ಮಾಡಿದರು. ನಿನಗೆ ಬಂದದ್ದೇ ನನಗೂ ಇತ್ತು.

ಆಮೇಲಿನ ದಿನಗಳನ್ನು ಹೇಗೆ ಬರೆಯಲಿ? ಸಾಯುವ ಹೆದರಿಕೆ ಆಮೇಲೆ ಬಂತು. ಮೊದಲು ಬಂದದ್ದು ನಿನ್ನ ಮಾವನ ಮೇಲೆ ಸಿಟ್ಟು. ದೂರದೂರಿನ ಬಸ್ಸು ಓಡಿಸುತ್ತಿದ್ದ ಮನುಷ್ಯ, ವಾರಕ್ಕೆ ನಾಲ್ಕು ರಾತ್ರಿ ಹೊರಗೆ. ಯಾವ ಊರಿನಲ್ಲಿ ಎಲ್ಲಿ ಮಲಗುತ್ತಿದ್ದರು ಎಂದು ನಾನು ಒಂದು ದಿನವೂ ಕೇಳಿದವಳಲ್ಲ. ಈಗ ಗೋಡೆಯ ಮೇಲಿನ ಫೋಟೋ ನೋಡಿದರೆ ಆ ಮೀಸೆಯಡಿಯ ನಗುವೇ ಬೇರೆ ಥರ ಕಂಡಿತು. ಕೆಳಗಿಳಿಸಿ ಬೀರುವಿನ ಹಿಂದೆ ಇಟ್ಟೆ. ಮರುದಿನ ತೆಗೆದು ಒರೆಸಿದೆ, ಮತ್ತೆ ಹಿಂದಕ್ಕೇ ಇಟ್ಟೆ. ಇಷ್ಟು ವರ್ಷದ ಸಂಸಾರ, ಅವರು ಬಿಸಿನೀರು ಕಾಯಿಸಿ ನನ್ನ ಕಾಲಿಗೆ ಶಾಖ ಕೊಟ್ಟ ರಾತ್ರಿಗಳು, ಎಲ್ಲವೂ ಸುಳ್ಳೇ ಎಂದು ಲೆಕ್ಕ ತೆಗೆಯಲು ಕೂತೆ. ಒಂದು ಬೆಳಿಗ್ಗೆ ಯಂತ್ರದ ಮುಂದೆ ಕೂತಾಗ ಹೊಳೆಯಿತು, ನನ್ನ ಮಗ ಒಂದು ಸಂಜೆ ಮಾಡಿದ್ದನ್ನೇ ನಾನೂ ಮಾಡುತ್ತಿದ್ದೇನೆ. ಅವನು ಬದುಕಿರುವವಳಿಗೆ ಮಾಡಿದ, ನಾನು ಸತ್ತವರಿಗೆ. ಸತ್ತವರ ಜೊತೆ ಜಗಳವೆಂದರೆ ಒಂದೇ ಕೈಯ ಚಪ್ಪಾಳೆ. ಅವರಿಂದ ಬಂತೋ, ಅವರಿಗೂ ಮದುವೆಗೆ ಮುಂಚೆ ಎಲ್ಲಿಂದಲೋ ಬಂದು ಅವರಿಗೇ ಗೊತ್ತಿರಲಿಲ್ಲವೋ, ನನಗೆ ಎಂದೂ ತಿಳಿಯುವುದಿಲ್ಲ. ಫೋಟೋ ಮತ್ತೆ ಮೊಳೆಗೆ ಹಾಕಿದೆ. ಪ್ರೀತಿ ಉಕ್ಕಿ ಹಾಕಿದ್ದಲ್ಲ. ಆದರೆ ಬೀರುವಿನ ಹಿಂದೆ ಇಡಲು ಕಾರಣವೂ ಸಿಗಲಿಲ್ಲ.

ಅವತ್ತೇ ಮಗನ ಕೆಲಸದ ಜಾಗಕ್ಕೆ ಹೋದೆ. ಮನೆಯಲ್ಲಿ ಹೇಳಿದ್ದರೆ ಅವನು ಎದ್ದು ಹೋಗುತ್ತಿದ್ದ. ದೊಡ್ಡ ಆಫೀಸು ಕಟ್ಟಡ, ಮಾಳಿಗೆಯ ಮೇಲೆ ಲಿಫ್ಟಿನ ಮೋಟಾರು ಇರುವ ಕೋಣೆ. ಲಿಫ್ಟು ಕೆಟ್ಟಿದ್ದಕ್ಕೇ ಅವನು ಅಲ್ಲಿದ್ದದ್ದು, ಹಾಗಾಗಿ ನಾನು ಮೆಟ್ಟಿಲು ಹತ್ತಿಯೇ ಹೋಗಬೇಕಾಯಿತು. ಏದುಸಿರು ಬಿಡುತ್ತಾ ನಿಂತವಳನ್ನು ನೋಡಿ ಗಾಬರಿಯಾದ. ಕೈಗೆ ಗ್ರೀಸು ಮೆತ್ತಿತ್ತು. "ನಂಗೂ ಅದೇ ಬಂದಿದೆ ಕಣೋ" ಎಂದೆ. "ಏನಮ್ಮ?" "ನಿನ್ನ ಹೆಂಡ್ತಿಗೆ ಬಂದಿದ್ದೇ. ಈಗ ಕೇಳು. ಅವತ್ತು ಅವಳನ್ನ ಯಾವ ಗಂಟಲಲ್ಲಿ ಕೇಳಿದ್ಯೋ ಅದೇ ಗಂಟಲಲ್ಲಿ ನನ್ನೂ ಕೇಳು, ಯಾರಿಂದ ಬಂತು ಅಂತ." ಕೈಯಲ್ಲಿದ್ದ ಸ್ಪಾನರ್ ಕೆಳಗಿಟ್ಟು "ಅಪ್ಪ..." ಎಂದ. "ಅಪ್ಪ ಇರಬಹುದು, ಇಲ್ಲದೆಯೂ ಇರಬಹುದು. ಹೋಗಿ ಕೇಳ್ಕೊಂಡು ಬರ್ತೀಯಾ?" ಎಂದೆ. ಸಲಕರಣೆ ಪೆಟ್ಟಿಗೆಯ ಮೇಲೆ ಕುಸಿದು ಕೂತ. ಗ್ರೀಸು ಕೈಯಲ್ಲೇ ಮುಖ ಮುಚ್ಚಿಕೊಂಡ. ಅಳುವಾಗಲೂ ಇವನಿಗೆ ಬುದ್ಧಿಯಿಲ್ಲ, ಮುಖವೆಲ್ಲ ಮಸಿ ಮಾಡಿಕೊಂಡ.

ಆಮೇಲೆ ಅವನು ನನಗೊಂದು ವಿಷಯ ಹೇಳಿದ, ತನ್ನ ಬಗ್ಗೆಯೇ, ನಿನ್ನನ್ನು ಕಾಣುವುದಕ್ಕೆ ಮುಂಚಿನ ದಿನಗಳ ಬಗ್ಗೆ. ಅದನ್ನು ನಾನು ಬರೆಯುವುದಿಲ್ಲ. ಅದು ಅವನೇ ನಿನ್ನೆದುರು ತಲೆ ತಗ್ಗಿಸಿ ಹೇಳಬೇಕಾದ ಮಾತು, ನಾನೇನು ಅವನ ಅಂಚೆಯವಳಲ್ಲ. ನಿನ್ನ ಹಿಂದಿನ ದಿನಗಳನ್ನೂ ನಾನು ಕೇಳುವವಳಲ್ಲ. ನಮ್ಮ ಮನೆಗೆ ಬಂದ ಮೇಲೆ ನೀನು ಹೇಗಿದ್ದೆ ಎಂದು ನನ್ನ ಕಣ್ಣಿಗೆ ಗೊತ್ತು, ನನಗೆ ಅಷ್ಟು ಸಾಕು. ಅವನು ಕ್ಲಿನಿಕ್ಕಿಗೆ ಹೋಗಿ ತನಗೂ ಪರೀಕ್ಷೆ ಮಾಡಿ ಎಂದು ಹಟ ಹಿಡಿದನಂತೆ. ಗಂಡಸರಿಗೆ ಇದಕ್ಕೆ ಹಾಗೆ ಸುಮ್ಮನೆ ಮಾಡುವ ಪರೀಕ್ಷೆಯಿಲ್ಲ, ಆದರೆ ಹೊತ್ತು ತಿರುಗುವವರು ಅವರೂ ಹೌದು, ಅಪರೂಪಕ್ಕೆ ಅವರಿಗೂ ಗಂಟಲಲ್ಲೋ ಬೇರೆಡೆಯೋ ಕ್ಯಾನ್ಸರ್ ಆಗುವುದುಂಟು ಎಂದು ಡಾಕ್ಟರಮ್ಮ ಚೆನ್ನಾಗಿ ಬಿಡಿಸಿ ಹೇಳಿ ಕಳಿಸಿದ್ದಾರೆ. ನಿನ್ನ ಅಕ್ಕನ ಮನೆಗೆ ಬರುತ್ತೇನೆಂದು ಬ್ಯಾಗು ಹಿಡಿದಿದ್ದ. ನಾನೇ ತಡೆದೆ. "ಅವಳು ಬಾ ಅಂದ್ರೆ ಹೋಗು, ಅಲ್ಲೀವರೆಗೂ ಇಲ್ಲೇ ಬಿದ್ದಿರು" ಎಂದೆ.

ಹತ್ತಿರದಿಂದ ನೋಡುವ ಪರೀಕ್ಷೆ ನನಗಾಯಿತು. ನೀನು ಅದಕ್ಕೆ ಹೆದರಿರಬಹುದೆಂದು ಹೇಳುತ್ತೇನೆ. ಕಾಲು ಮಡಚಿ ಮಲಗಬೇಕು, ನಾಚಿಕೆಯಾಗುತ್ತದೆ, ಸೂರು ನೋಡುತ್ತಿರು. ಹುಳಿ ವಾಸನೆಯ ನೀರು ಹಚ್ಚುತ್ತಾರೆ, ಕೆಟ್ಟ ಜಾಗ ಇದ್ದರೆ ಬೆಳ್ಳಗಾಗುತ್ತದಂತೆ, ಅದನ್ನು ದೊಡ್ಡದು ಮಾಡಿ ತೋರಿಸುವ ಯಂತ್ರದಲ್ಲಿ ನೋಡುತ್ತಾರೆ. ಬೇಕಿದ್ದರೆ ಒಂದು ಚೂರು ಚಿವುಟಿ ತೆಗೆಯುತ್ತಾರೆ. ನನ್ನಲ್ಲಿ ತೆಗೆದರು. ಸ್ವಲ್ಪ ಹಿಡಿದುಕೊಂಡ ಹಾಗಾಯಿತು, ಮರುದಿನ ಡಿಪೋಗೆ ಬಂದು ಕೂತೆ. ಆ ಚೂರಿನ ಫಲಿತಾಂಶ ಇನ್ನೂ ಬಂದಿಲ್ಲ. ಕಾಯುತ್ತಿದ್ದೇನೆ. ಹೊಲಿಯುವಾಗ ದಾರ ನೆಟ್ಟಗೆ ಓಡುತ್ತಿಲ್ಲ, ನಿನ್ನೆ ಒಂದು ಸೀಟಿಗೆ ಹಿಂದುಮುಂದಾಗಿ ಹೊದಿಕೆ ಹಾಕಿ ಎಲ್ಲರೂ ನಕ್ಕರು, ನಾನೂ ನಕ್ಕೆ.

ನಿನ್ನ ಅಕ್ಕ, ಭಾವನಿಗೆ ನನ್ನ ನಮಸ್ಕಾರ ತಿಳಿಸು. ಯಾರ ಎದುರಿಗೂ ತಲೆ ತಗ್ಗಿಸಬೇಡ, ನೀನು ತಗ್ಗಿಸುವಂಥದ್ದು ಏನೂ ನಡೆದಿಲ್ಲ. ನಿನ್ನ ಮೈ ಮನಸ್ಸು ಗಟ್ಟಿಯಾಗಿರಲಿ, ನೂರು ಕಾಲ ಬಾಳು ಮಗಳೇ.

ನಿನ್ನವಳೇ ಆದ,
ಅತ್ತೆ

ಮತ್ತೆ ಸೇರಿಸಿದ್ದು: ಇದನ್ನು ಲಕೋಟೆಗೆ ಹಾಕುವಷ್ಟರಲ್ಲಿ ಕ್ಲಿನಿಕ್ಕಿನಿಂದ ಫೋನ್ ಬಂತು, ಈಗಲೇ ಬನ್ನಿ ಎಂದು. ಹೋಗಿ ಬಂದೆ. ಅಂಚೆ ಕಚೇರಿ ಮುಚ್ಚುವ ಹೊತ್ತು, ಅವಸರದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಕ್ಷಮಿಸು. ನನ್ನದು ಕ್ಯಾನ್ಸರೇ. ಗಾಬರಿಯಾಗಬೇಡ. ಸಣ್ಣದಿದೆ, ಹುಟ್ಟಿದ ಜಾಗ ಬಿಟ್ಟು ಆಚೆ ಹೋದ ಹಾಗೆ ಕಾಣುವುದಿಲ್ಲ, ಆಪರೇಷನ್ ಮಾಡಿದರೆ ಗುಣವಾಗುವ ಸಾಧ್ಯತೆಯೇ ಹೆಚ್ಚು ಎಂದಿದ್ದಾರೆ. ನಿನ್ನ ಗಂಡ ರಜೆ ಹಾಕಿದ್ದಾನೆ, ನನ್ನನ್ನು ನೋಡಿಕೊಳ್ಳಲು ಅವನಿದ್ದಾನೆ, ನೀನು ಅದಕ್ಕಾಗಿ ಓಡಿ ಬರಬೇಡ. ಡಾಕ್ಟರಮ್ಮ ಒಂದು ಮಾತು ಹೇಳಿದರು, ನಿನಗಾಗಿಯೇ ಹೊತ್ತು ತಂದಿದ್ದೇನೆ. ಕೆಲವು ವರ್ಷ ಮುಂಚೆ ಯಾರಾದರೂ ನೋಡಿದ್ದರೆ ನನ್ನದು ಮಲಗಿ ಏಳುವಷ್ಟು ಹೊತ್ತಿನ ಕೆಲಸವಾಗಿತ್ತಂತೆ. ನಿನಗೆ ಕೊಟ್ಟಿದ್ದ ದಿನ ದಾಟಿ ಹೋಗಿದೆ ಚೂಟಿ, ನೀನು ಹೋಗಿಲ್ಲವೆಂದು ನನಗೆ ಗೊತ್ತು. ಅಲ್ಲಿಯೇ, ನಿನ್ನ ಅಕ್ಕನ ಊರಿನ ಆಸ್ಪತ್ರೆಯಲ್ಲೇ ತೋರಿಸಿಕೋ. ನನ್ನ ಮಗನನ್ನು ಕ್ಷಮಿಸಲು ನಿನಗೆ ಬೇಕಾದಷ್ಟು ಕಾಲ ತೆಗೆದುಕೋ, ಕ್ಷಮಿಸದಿದ್ದರೂ ನೀನು ನನ್ನ ಮಗಳೇ. ತಪಾಸಣೆಗೆ ಮಾತ್ರ ಈ ಕಾಗದ ಕೈಗೆ ಬಂದ ದಿನವೇ ಹೋಗು.