ಜನರೇಟರ್ ಸದ್ದು, ಪಕ್ಕದವನ ಕಿವಿ

ಜನವರಿ 6, ಬೆಳಿಗ್ಗೆ 7.10

ಮತ್ತೆ ಮಟ್ಟ ನೋಡಿದೆ. ಗಾಳಿಗೆ ನಮ್ಮ ಗಾಡಿಮನೆ, ಈ ಟ್ರೇಲರ್, ಕೂದಲೆಳೆಯಷ್ಟು ಎಡಕ್ಕೆ ವಾಲಿದೆ. ಎಡಗಾಲಿಯ ಕೆಳಗೆ ಇನ್ನೊಂದು ಹಲಗೆ ಕೊಟ್ಟೆ. ಮಟ್ಟಗೋಲಿನ ಗುಳ್ಳೆ ಎರಡು ಗೆರೆಗಳ ನಡುವೆ ಬಂದು ನಿಂತಿತು. ಈಗ ಸಮಾಧಾನ.

ಒಳಗಿನಿಂದ ವರ್ಲಿನ್: "ಆ ಗುಳ್ಳೇನೇ ಮದುವೆ ಆಗಬೇಕಿತ್ತು ಕಣೇ ನೀನು. ನನ್ನ ಮುಖ ಇಷ್ಟು ನೋಡಿದ್ಯಾ ಯಾವತ್ತಾದ್ರೂ?"

ಇಷ್ಟು ಹೇಳಲು ಮೂರು ಸಲ ಉಸಿರು ತೆಗೆದುಕೊಂಡ. ನಿನ್ನೆಯಾಗಿದ್ದರೆ ಎರಡು. ಎಣಿಸುವುದನ್ನು ಬಿಡಬೇಕು... ಆಗುತ್ತಿಲ್ಲ.

ಟ್ರೇಲರಿನ ಹೊಟ್ಟೆಯಲ್ಲಿದ್ದ ಹಳೆ ಜನರೇಟರ್ ನಿನ್ನೆ ಸತ್ತಿತು. ಊರಿನ ಮೆಕ್ಯಾನಿಕ್ ಮೂರು ವಾರ ಅಂದ. ಜನವರಿಯ ಸಂತೆ ಸಮಯ, ಮರುಭೂಮಿಯ ಈ ಕ್ವಾರ್ಟ್ಸೈಟ್ ಊರಿನ ತುಂಬ ಗಾಡಿಮನೆಗಳೇ. ಕಂಬದ ಕರೆಂಟಿರುವ ಜಾಗ ಒಂದೂ ಖಾಲಿ ಇಲ್ಲ. ಯೂಮಾ ಊರಿನ ಟ್ರೇಲರ್ ಪಾರ್ಕಿಗೂ ಫೋನ್ ಮಾಡಿದೆ, ಪಟ್ಟಿಯಲ್ಲಿ ಹೆಸರು ಬರೆದುಕೊಂಡರು, ಅಷ್ಟೇ. ಮಾಡಿನ ಮೇಲಿನ ಸೋಲಾರ್ ಹಲಗೆ ನಮ್ಮ ದೀಪಕ್ಕೆ, ಫೋನಿಗೆ ಸಾಕು. ವರ್ಲಿನ್‌ನ ಆಕ್ಸಿಜನ್ ಮಷಿನ್‌ಗೆ ಸಾಲದು. ಅದು ಹಗಲೂ ರಾತ್ರಿ ಓಡಬೇಕು.

ನಮ್ಮ ಊರು ಐಡಾಹೋಗೆ ವಾಪಸ್ ಹೋಗೋಣವೇ? ಅಲ್ಲಿ ಹಿಮ. ಹೋದ ಫೆಬ್ರವರಿಯಲ್ಲಿ ಅಲ್ಲಿಯ ಚಳಿ ಅವನನ್ನು ಸಾವಿನ ಬಾಗಿಲವರೆಗೂ ಎಳೆದುಕೊಂಡು ಹೋಗಿತ್ತು. ಇಲ್ಲಿಯ ಒಣ ಗಾಳಿಯೇ ಅವನಿಗೆ ಔಷಧಿ ಎಂದು ಡಾಕ್ಟರೂ ಹೇಳಿದ್ದಾರೆ.

ಬ್ಯಾಟರಿ ಸಂಜೆಯವರೆಗೆ ಬಂದರೆ ಹೆಚ್ಚು, ಅಷ್ಟರೊಳಗೆ ಏನಾದರೂ ಮಾಡಬೇಕು. ಒಂದು ಕಡೆ ಕುಳಿತರೆ ಕಾಲು ನಿಲ್ಲುತ್ತಿಲ್ಲ.

ಅದೇ ದಿನ, ಸಂಜೆ 5

ಸಂತೆಯ ಡೇರೆಗಳನ್ನೆಲ್ಲ ಸುತ್ತಿದೆ. ಜಪಾನಿನ ಜನರೇಟರ್ ಕೇಳಿದೆ. ಬೆಲೆ ಕೇಳಿ ನಮಸ್ಕಾರ ಹೇಳಿ ಬಂದೆ. ಚೀನಾದ್ದು ಅದರ ಮೂರನೇ ಒಂದು ಭಾಗ. ಸಾಲಾಗಿ ಇಟ್ಟಿದ್ದಾರೆ — ಕೆಂಪು, ಹಳದಿ, ನೀಲಿ. ಬಣ್ಣ ಬೇರೆ, ಒಳಗೆಲ್ಲ ಒಂದೇ ಹೊಟ್ಟೆ ಅನ್ನಿಸಿತು.

ಡೇರೆಯವಳು ಮಾರ್ಲಾ. ಮೊಣಕೈವರೆಗೂ ಹಚ್ಚೆ. "ಅಕ್ಕಾ, ಏನು ಓಡಿಸ್ಬೇಕು ಮೊದಲು ಅದು ಹೇಳಿ. ಏಸಿ ಓಡಿಸ್ಬೇಕಾ?"

"ನನ್ನ ಗಂಡನ್ನ ಓಡಿಸ್ಬೇಕು" ಅಂದೆ.

ನಕ್ಕಳು. ವಿಷಯ ಹೇಳಿದ ಮೇಲೆ ನಗು ನಿಂತಿತು. ಒಳಗೆ ಕರೆದು ತನ್ನ ಕುರ್ಚಿಯಲ್ಲಿ ಕೂರಿಸಿದಳು. "ಹಾಗಾದ್ರೆ ಆ ತೆರೆದ ಚೌಕಟ್ಟಿನದು ಬೇಡ. ಟ್ರ್ಯಾಕ್ಟರ್ ಥರ ಬಡ್ಕೊಳ್ಳುತ್ತೆ, ಕರೆಂಟೂ ಏರುಪೇರು. ಈ ಮುಚ್ಚಿದ ಪೆಟ್ಟಿಗೆಯ ಇನ್ವರ್ಟರ್ ಜನರೇಟರ್ ತಗೊಳ್ಳಿ, ಕರೆಂಟ್ ಸಮನಾಗಿ ಬರುತ್ತೆ. ಪೆಟ್ಟಿಗೆ ಮೇಲೆ ದೊಡ್ಡದಾಗಿ ಬರೆದಿರೋ ಅಂಕಿ ನಂಬಬೇಡಿ, ಅದು ಒಂದು ಗಳಿಗೆಯ ಶಕ್ತಿ. ಕೆಳಗೆ ಚಿಕ್ಕದಾಗಿ ಇರುತ್ತಲ್ಲ, ಅದೇ ನಿಜ. ಮತ್ತೆ ಅಕ್ಕಾ, ಎಣ್ಣೆ! ಒಳಗೆ ಒಂದು ಹನಿ ಎಣ್ಣೆ ಇರಲ್ಲ. ಹಾಕದೆ ಹಗ್ಗ ಎಳೆದವರು ಅರ್ಧ ಗಂಟೇಲಿ ನನ್ನ ಹತ್ರ ವಾಪಸ್ ಬಂದು ನನಗೇ ಬೈತಾರೆ."

ಕೆಂಪಿನದು ತಂದೆ. ಪೆಟ್ಟಿಗೆಯ ಮೇಲೆ ರೆಕ್ಕೆಯಿರುವ ಕುದುರೆ. ವರ್ಲಿನ್ ನೋಡಿದ. "ಅಗ್ಗದ ಆಸೆಗೆ ಮುಗ್ಗಲು ಜೋಳ ತಂದ್ಯಾ?"

"ತಿಂದು ನೋಡು, ಆಮೇಲೆ ಹೇಳು" ಅಂದೆ.

ಎಣ್ಣೆ ಹೊಯ್ದೆ. ಮೂರನೇ ಎಳೆತಕ್ಕೆ ಹಿಡಿಯಿತು. ಇಪ್ಪತ್ತೆಂಟು ವರ್ಷ ಶಾಲಾ ಬಸ್ಸು ಓಡಿಸಿದವಳು ನಾನು, ಎಂಜಿನ್ನಿನ ದನಿ ಗೊತ್ತು. ಚಿಕ್ಕದು, ಆದರೆ ತೊದಲುವುದಿಲ್ಲ. ಹಗಲು ಇದು ಓಡಿ ಮಷಿನ್ ನಡೆಸಿ ಬ್ಯಾಟರಿಯನ್ನೂ ತುಂಬಬೇಕು. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಮರುಭೂಮಿಯ ನಿಯಮ, ಯಾರೂ ಜನರೇಟರ್ ಹಾಕುವಂತಿಲ್ಲ. ಆ ಎಂಟು ಗಂಟೆ ಬ್ಯಾಟರಿಯ ಪಾಲು.

ಜನವರಿ 8, ಬೆಳಿಗ್ಗೆ 9

ಪಕ್ಕದ ಟ್ರೇಲರಿನ ಹಾಲ್ವರ್ ಬಂದಿದ್ದ. ಮಿನೆಸೋಟಾದವನು, ಒಬ್ಬನೇ. ಎಪ್ಪತ್ತರ ಆಚೆ. ಕೊರಳಲ್ಲಿ ಕಿತ್ತಳೆ ಬಣ್ಣದ ಕಿವಿಮುಚ್ಚಿ, ಮರ ಕೊಯ್ಯುವವರು ಹಾಕುತ್ತಾರಲ್ಲ ಅಂಥದು. ಇಲ್ಲಿ ಯಾರೂ ಕರೆಯದೆ ಇನ್ನೊಬ್ಬರ ಮೆಟ್ಟಿಲು ಹತ್ತುವುದಿಲ್ಲ. ಮೆಟ್ಟಿಲ ಮುಂದೆ ಚಾಪೆ ಹಾಸಿರುತ್ತದೆ, ಅದರ ಆಚೆಯೇ ನಿಂತು ಕೂಗಬೇಕು. ಇವನು ಚಾಪೆಯಿಂದಲೂ ಎರಡು ಹೆಜ್ಜೆ ದೂರ ನಿಂತ.

"ನೆಡ್ರಾ ಅವರೇ, ತಪ್ಪು ತಿಳ್ಕೋಬೇಡಿ. ನಾನು ಪಿಯಾನೋ ಶ್ರುತಿ ಮಾಡ್ತಿದ್ದವ. ಐವತ್ತು ವರ್ಷ ಈ ಕಿವಿಯಿಂದಲೇ ಊಟ ಮಾಡಿದ್ದೀನಿ. ನಿಮ್ಮ ಮಷಿನ್ ಎರಡು ಸ್ವರದ ಮಧ್ಯೆ ನಿಂತ್ಕೊಂಡು ಅಳುತ್ತೆ. ಅತ್ಲಾಗೂ ಇಲ್ಲ, ಇತ್ಲಾಗೂ ಇಲ್ಲ. ಹಲ್ಲು ಜುಮ್ ಅನ್ನುತ್ತೆ."

"ನನ್ನ ಗಂಡನ ಉಸಿರು ಅದರಲ್ಲಿದೆ" ಅಂದೆ. ಸ್ವಲ್ಪ ಜೋರಾಗಿಯೇ.

ಮುಖ ಕೆಂಪಾಯಿತು ಅವನಿಗೆ. "ನಿಲ್ಲಿಸಿ ಅಂತ ಹೇಳ್ಲಿಲ್ಲ. ಸ್ವಲ್ಪ ದೂರ ಇಡೋಕಾಗುತ್ತಾ ಅಂತ..." ಎಂದು ಕಿವಿಮುಚ್ಚಿ ಏರಿಸಿಕೊಂಡು ಹೊರಟುಹೋದ.

ಕೋಪ ಬಂತು. ನಾಚಿಕೆಯೂ. ಎರಡರಲ್ಲಿ ಯಾವುದು ಹೆಚ್ಚು ಗೊತ್ತಿಲ್ಲ. ನೆರೆಯವರಿಗೆ ತೊಂದರೆ ಕೊಟ್ಟವರು ಎನ್ನಿಸಿಕೊಂಡು ಗೊತ್ತಿಲ್ಲ ನಮಗೆ.

ಜನವರಿ 9

ಮಧ್ಯಾಹ್ನ ಅಡುಗೆಯ ನಡುವೆ ಮೂರು ಸಲ ಹೊರಗೆ ಹೋಗಿ ನೋಡಿದೆ, ಜನರೇಟರ್ ಓಡುತ್ತಿದೆಯೇ ಎಂದು. ಓಡುತ್ತಿತ್ತು. ಓಡುತ್ತಿರುವುದು ಕೇಳಿಸುತ್ತಲೇ ಇತ್ತು, ಆದರೂ ಹೋದೆ. ಬೀನ್ಸ್ ಸೀದುಹೋಯಿತು.

ವರ್ಲಿನ್: "ಅದಕ್ಕೆ ಪೆಟ್ರೋಲ್ ಹಾಕು, ನಿನಗೆ ನಿದ್ರೆ ಮಾತ್ರೆ ಹಾಕ್ತೀನಿ."

ಜನವರಿ 11, ರಾತ್ರಿ 9

ಜನರೇಟರಿನ ಸ್ಥಳ ಬದಲಿಸಿದೆ. ನಮ್ಮ ಹಿಂದೆ ಒಣಹಳ್ಳ ಇದೆಯಲ್ಲ, ಅದರ ದಂಡೆಯ ಕೆಳಗೆ. ಉದ್ದ ವೈರು ತಂದೆ, ದಪ್ಪದ್ದು. ಹೊಗೆ ಯಾರ ಕಿಟಕಿಯ ಕಡೆಗೂ ತಿರುಗದ ಹಾಗೆ ಇಟ್ಟೆ. ಕಳ್ಳತನ ಆಗದಂತೆ ಪೊದೆಯ ಬೊಡ್ಡೆಗೆ ಸರಪಳಿ. ಮೇಲೆ ಬಂದು ಕಿವಿಗೊಟ್ಟೆ. ಜೇನುಹುಳದಷ್ಟು ಸದ್ದು.

ಸಂಜೆ ಹಾಲ್ವರ್ ತನ್ನ ಕುರ್ಚಿಯಲ್ಲಿ ಕಿವಿಮುಚ್ಚಿ ಇಲ್ಲದೆ ಕುಳಿತಿದ್ದ. ಟೋಪಿ ಎತ್ತಿದ. ನಾನೂ ಕೈ ಎತ್ತಿದೆ. ಒಳ್ಳೆಯ ಕೆಲಸ ಮಾಡಿದೆ ಅನ್ನಿಸಿತು, ನಿಜ ಹೇಳಬೇಕೆಂದರೆ.

ಆದರೆ ಈಗ ಒಳಗಿದ್ದರೆ ನನಗೆ ಕೇಳಿಸುವುದೇ ಇಲ್ಲ. ಗಳಿಗೆಗೊಮ್ಮೆ ಬಾಗಿಲು ತೆರೆದು ಕಿವಿ ಚಾಚುತ್ತೇನೆ.

ಜನವರಿ 17, ರಾತ್ರಿ 8

ಬರೆದೇ ಬಿಡುತ್ತೇನೆ. ಬರೆಯದಿದ್ದರೆ ತಲೆಯಲ್ಲೇ ಸುತ್ತುತ್ತದೆ.

ನಿನ್ನೆ ರಾತ್ರಿ ವಿಪರೀತ ಚಳಿ. ಹೀಟರಿನ ಫ್ಯಾನು ಬ್ಯಾಟರಿಯನ್ನೆಲ್ಲ ಕುಡಿದುಬಿಟ್ಟಿತು. ಬೆಳಿಗ್ಗೆ ಆರಕ್ಕೆ ಜನರೇಟರ್ ಹಾಕಿದೆ. ಆಕ್ಸಿಜನ್ ಮಷಿನ್ ನೇರ ಅದರ ಮೇಲೆಯೇ. ಹತ್ತಕ್ಕೆ ವರ್ಲಿನ್ ಮಲಗಿದ. ಅವನು ಮಲಗುವಾಗ ಕಿವಿಯ ಯಂತ್ರ ತೆಗೆದಿಡುತ್ತಾನೆ. ಜನರೇಟರಿಗೆ ಪೆಟ್ರೋಲ್ ತುಂಬಿಸಿ ಬಟ್ಟೆ ಒಗೆಸಲು ಊರಿಗೆ ಹೋದೆ. ಬರೀ ಒಂದೂವರೆ ಗಂಟೆ.

ವಾಪಸ್ ಬಂದಾಗ ನಮ್ಮ ಬಾಗಿಲು ಹಾರು ಹೊಡೆದಿದೆ. ಒಳಗೆ ಹಾಲ್ವರ್ ಮಂಚದ ಪಕ್ಕ ಮೊಣಕಾಲೂರಿ ಕುಳಿತಿದ್ದಾನೆ. ವರ್ಲಿನ್ ಮೂಗಿಗೆ ಮಂಚದಡಿಯ ತುರ್ತು ಆಕ್ಸಿಜನ್ ಸಿಲಿಂಡರಿನ ನಳಿಗೆ. ತುಟಿ ಇನ್ನೂ ನೀಲಿಯೇ. ಕಣ್ಣು ಬಿಟ್ಟಿದ್ದ. ನನ್ನನ್ನು ನೋಡಿ, "ಒಗೆದ ಬಟ್ಟೆ ಒಣಗಿತಾ?" ಅಂದ. ಬಟ್ಟೆಯ ಗಂಟು ಎಸೆದು ಆಂಬುಲೆನ್ಸಿಗೆ ಫೋನ್ ಮಾಡಿದೆ.

ಹಾಲ್ವರ್ ಹೇಳಿದ್ದು ಅವನ ಮಾತಿನಲ್ಲೇ ಬರೆದಿಡುತ್ತೇನೆ.

"ಎಷ್ಟು ದೂರ ಇಟ್ರೂ ನನಗೆ ಕೇಳುತ್ತೆ, ಏನ್ ಮಾಡ್ಲಿ. ಹನ್ನೊಂದೂಕಾಲಿಗೆ ಸ್ವರ ಒಂದ್ಸಲ ನಡುಗ್ತು. ಆಮೇಲೆ ಇಲ್ಲ. ಅಬ್ಬಾ, ಸುಖ ಅಂತ ಕಾಫಿ ಬಗ್ಗಿಸ್ಕೊಂಡೆ. ಅರ್ಧ ಲೋಟ ಕುಡಿದೆ ನೆಡ್ರಾ. ಅರ್ಧ ಲೋಟ! ಆಮೇಲೆ ನಿಮ್ಮ ಪಿಕಪ್ ಇಲ್ಲ ಅನ್ನೋದು ಕಣ್ಣಿಗೆ ಬಿತ್ತು. ಚಾಪೆ ಹತ್ರ ನಿಂತು ಮೂರು ಸಲ ಕೂಗಿದೆ. ಒಳಗೆ ಅಲಾರಂ ಕುಂಯ್‌ಗುಡ್ತಿತ್ತು. ಕರೆಯದೆ ಒಳಗೆ ಬಂದೆ. ಕ್ಷಮಿಸಿ."

ಕ್ಷಮೆ ಕೇಳುತ್ತಿದ್ದಾನೆ! ಆ ದೇವರಂಥ ಮನುಷ್ಯ, ಮೆಟ್ಟಿಲು ಹತ್ತಿದ್ದಕ್ಕೆ.

ಆಂಬುಲೆನ್ಸಿನವರು ಬಂದು ನೋಡಿದರು. ಆಸ್ಪತ್ರೆಗೆ ಬಾ ಎಂದರೆ ವರ್ಲಿನ್ ಒಪ್ಪಲಿಲ್ಲ. ಉಸಿರಿನ ಅಂಕಿ ಮೇಲೇರಿದ ಮೇಲೆ ಸಹಿ ಹಾಕಿಸಿಕೊಂಡು ಹೋದರು. ಇನ್ನು ಹೀಗೆ ಬಯಲಲ್ಲಿ ಇರಬೇಡಿ, ಕಂಬದ ಕರೆಂಟಿರುವ ಕಡೆ ಹೋಗಿ ಎಂದು ನನ್ನ ಮುಖಕ್ಕೇ ಹೇಳಿದರು. ಈ ರಾತ್ರಿಗೆ ತುರ್ತು ಸಿಲಿಂಡರುಗಳೇ ಗತಿ, ನಾಳೆಗೆ ಸಾಲವು.

ಜನವರಿ 18, ಬೆಳಿಗ್ಗೆ

ಹಳ್ಳಕ್ಕೆ ಇಳಿದೆವು, ನಾನೂ ಹಾಲ್ವರ್ ಕೂಡ. ಪೆಟ್ರೋಲ್ ಇದೆ. ಹಗ್ಗ ಎಳೆದರೆ ಕೆಂಪು ದೀಪ ಮಿನುಗಿ ಆರುತ್ತದೆ. ಎಣ್ಣೆಯ ದೀಪ. ಮಾರ್ಲಾಗೆ ಬೈಯಬೇಕು ಎಂದು ಬಾಯಿ ತೆರೆದೆ. ಅಷ್ಟರಲ್ಲಿ ಹಾಲ್ವರ್ ಜೇಬಿನಿಂದ ಚಿಕ್ಕ ಮಟ್ಟಗೋಲು ತೆಗೆದು ಜನರೇಟರಿನ ಮೇಲಿಟ್ಟ. ಗುಳ್ಳೆ ಓಡಿ ಒಂದು ಮೂಲೆ ಸೇರಿತು.

ಇಳಿಜಾರು. ಎಣ್ಣೆ ಒಂದೇ ಕಡೆ ಸರಿದು ನಿಂತಿದೆ. ಎಣ್ಣೆ ಮುಗಿಯಿತು ಎಂದುಕೊಂಡು ಯಂತ್ರ ತನ್ನ ಪ್ರಾಣ ಉಳಿಸಿಕೊಳ್ಳಲು ತಾನೇ ನಿಂತಿತು. ಎಣ್ಣೆ ಪೂರ್ತಿ ಇದ್ದಾಗ ಆರು ದಿನ ಹೇಗೋ ನಡೆಯಿತು. ಸ್ವಲ್ಪ ಉರಿದು ಇಳಿಯಿತು, ಯಂತ್ರ ಅದುರಿ ಅದುರಿ ಇನ್ನಷ್ಟು ಕೆಳಗೆ ಜಾರಿತು, ಅಷ್ಟೇ. ಅದರದ್ದೇನೂ ತಪ್ಪಿಲ್ಲ.

ದಿನ ಬೆಳಗಾದರೆ ಗಾಡಿಮನೆಗೆ ಮಟ್ಟ ನೋಡುವವಳು. ಚಮಚ ಉರುಳಬಾರದು, ಫ್ರಿಜ್ ಕೆಡಬಾರದು ಎಂದು ಹಲಗೆಯ ಮೇಲೆ ಹಲಗೆ ಇಟ್ಟವಳು. ಗಂಡನ ಉಸಿರನ್ನು ಇಳಿಜಾರಿನಲ್ಲಿಟ್ಟು ಬಂದೆ. ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು.

ಅಲ್ಲೇ ಕಲ್ಲಿನ ಮೇಲೆ ಕುಳಿತು ಅತ್ತೆ. "ನೀವು ದೂರ ಇಡಿ ಅನ್ನದೇ ಇದ್ದಿದ್ರೆ..." ಅಂದುಬಿಟ್ಟೆ. ಅನ್ನಬಾರದಿತ್ತು.

"ಹೌದು" ಅಂದ. "ಅದನ್ನೇ ನಾನೂ ರಾತ್ರಿಯೆಲ್ಲ ಹೇಳ್ಕೊಂಡೆ. ಅದು, ಆಮೇಲೆ ಆ ಅರ್ಧ ಲೋಟ."

ಜನರೇಟರ್ ಹೊತ್ತು ಮೇಲೆ ತಂದ. ನಮ್ಮ ಕಿಟಕಿಗೆ ಹೊಗೆ ತಾಕದಷ್ಟು ದೂರ, ತನ್ನ ಟ್ರೇಲರಿಗೂ ನಮ್ಮದಕ್ಕೂ ನಡುವೆ, ಹಲಗೆ ಹಾಸಿ ಗುಳ್ಳೆ ನೋಡಿ ಇಟ್ಟ. ಎಣ್ಣೆ ಹೊಯ್ದೆ. ಮೊದಲ ಎಳೆತಕ್ಕೇ ಹಿಡಿಯಿತು. ಅವನ ಮುಖ ಹುಳಿ ತಿಂದ ಹಾಗಾಯಿತು.

"ಇಲ್ಲಿ ಬೇಡ ಹಾಲ್ವರ್. ನಿಮ್ಮ ಹಲ್ಲು ಜುಮ್ ಅನ್ನುತ್ತಲ್ಲ."

"ಅನ್ನಲಿ ಬಿಡಿ. ಕೇಳಿಸದಿದ್ರೆ ಈಗ ಭಯ ಆಗುತ್ತೆ ನನಗೆ."

ಜನವರಿ 21

ಯೂಮಾದಿಂದ ಫೋನ್. ಫೆಬ್ರವರಿ ಒಂದಕ್ಕೆ ಕಂಬದ ಜಾಗ ಖಾಲಿಯಾಗುತ್ತದೆಯಂತೆ. ಹ್ಞೂಂ ಅಂದೆ. ಹನ್ನೊಂದು ದಿನ. ಹನ್ನೊಂದು ದಿನ ಈ ಕುದುರೆ ನಿಲ್ಲದೆ ಓಡಬೇಕು.

ಊರಿಗೆ ಹೋಗುವುದನ್ನು ಬಿಟ್ಟಿದ್ದೇನೆ. ಹಾಲ್ವರ್ ಬ್ರೆಡ್ಡು, ಪೆಟ್ರೋಲು ತರುತ್ತಾನೆ. ಅವನು ಹೋದಾಗ ನಾನು ಒಳಗೆ, ನಾನು ಸ್ನಾನಕ್ಕೆ ಹೋದಾಗ ಅವನು ಕುರ್ಚಿಯಲ್ಲಿ. ಯಾರೂ ಮಾತಾಡಿ ಗೊತ್ತುಮಾಡಿಕೊಂಡದ್ದಲ್ಲ.

ವರ್ಲಿನ್ ಅವನನ್ನು ಕೆಣಕುತ್ತಾನೆ: "ಇವತ್ತು ಯಾವ ರಾಗ ಮಾಸ್ತರೇ?"

"ನಿನ್ನೇದೇ. ಹಾಳು ರಾಗ. ಹಾಡ್ತಾ ಇರಲಿ."

ಕಿವಿಮುಚ್ಚಿ ಅವನ ಪಿಕಪ್ಪಿನ ಕನ್ನಡಿಗೆ ನೇತುಬಿದ್ದಿದೆ. ನಾಲ್ಕು ದಿನದಿಂದ ಅಲ್ಲೇ ಇದೆ, ದೂಳು ಕೂತಿದೆ.

ಜನವರಿ 25, ಬೆಳಿಗ್ಗೆ 11.20

ನಿನ್ನೆ ಮಧ್ಯಾಹ್ನ ನಿದ್ರೆ ಹೋದೆ. ನಾನು! ಕುರ್ಚಿಯಲ್ಲೇ, ಬಾಯಿ ತೆರೆದುಕೊಂಡು. ಎರಡು ಗಂಟೆ. ಎಚ್ಚರವಾದಾಗ ಸದ್ದು ಇತ್ತು, ವರ್ಲಿನ್ ಇದ್ದ. ಈ ತಿಂಗಳಲ್ಲಿ ಮೊದಲ ಸಲ ನನ್ನ ಕಿವಿ ತಾನೇ ಕೆಳಗಿಳಿದು ಕುಳಿತಿತು. ಇನ್ನೊಂದು ಕಿವಿ ಕಾವಲಿದೆ ಎಂದು ಮೈಗೆ ಗೊತ್ತಾಗಿರಬೇಕು.

ಇನ್ನು ಏಳು ದಿನ. ಯೂಮಾದಲ್ಲಿ ಕಂಬದ ಕರೆಂಟು, ಸದ್ದೇ ಇರುವುದಿಲ್ಲ. ಅಲ್ಲಿ ಯಾವುದಕ್ಕೆ ಕಿವಿಗೊಡಬೇಕೋ ಗೊತ್ತಿಲ್ಲ. ಹಾಲ್ವರ್‌ಗೂ ಬಾ ಅನ್ನಬೇಕು ಎಂದುಕೊಂಡಿದ್ದೇನೆ. ಹೇಗೆ ಹೇಳುವುದು... ವರ್ಲಿನ್ ಹೇಳಿದರೆ ತಮಾಷೆಯಲ್ಲಿ ಹೋಗುತ್ತದೆ. ನಾನೇ ಇವತ್ತು ಕಾಫಿಗೆ ಕರೆದು—

ನಿಂತಿತು.

ಸದ್ದು ನಿಂತಿತು. ಪೆನ್ನು ಇನ್ನೂ ಕೈಯಲ್ಲೇ ಇದೆ, ಆಗಲೇ ಆಚೆ ಹಾಲ್ವರ್‌ನ ಬಾಗಿಲು ಬಡಿಯಿತು. ಜಲ್ಲಿಯ ಮೇಲೆ ಓಟ. ಚಾಪೆ ದಾಟಿತು. ಕೂಗಲಿಲ್ಲ, ನಮ್ಮ ಮೆಟ್ಟಿಲ ಮೇಲೆ ಅವನ ಕಾಲು ಬಿತ್ತು.